ಟ್ವಿಂಕ್ಲಿಂಗ್ ವಾಟರ್‌ಮೆಲನ್: ನೋಡುವ ಮೊದಲು ಮತ್ತು ನೋಡಿದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯನ್ ಧಾರಾವಾಹಿ ನೋಡುವವರ ಮಧ್ಯೆ ಈ ಹೆಸರು ಬಂದರೆ ಸಾಕು, ಒಂದೇ ಥರದ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಎಲ್ಲವನ್ನೂ ಒಂದು ಕಡೆ ಹಾಕಿದ್ದೇನೆ. ಕಥೆಯ ಗುಟ್ಟು ಬಿಟ್ಟುಕೊಡುವ ಪ್ರಶ್ನೆಗಳ ಪಕ್ಕ "ಸ್ಪಾಯ್ಲರ್" ಅಂತ ಬರೆದಿದ್ದೇನೆ. ಇನ್ನೂ ನೋಡಿಲ್ಲ ಅಂದರೆ ಅವನ್ನು ದಾಟಿ ಹೋಗಿ.

ಇದು ಯಾವ ಧಾರಾವಾಹಿ? ಯಾವಾಗ ಬಂತು?

ದಕ್ಷಿಣ ಕೊರಿಯಾದ ಟಿವಿಎನ್ ಚಾನೆಲ್‌ನಲ್ಲಿ 2023ರ ಸೆಪ್ಟೆಂಬರ್ 25ರಿಂದ ನವೆಂಬರ್ 14ರವರೆಗೆ, ಸೋಮವಾರ ಮತ್ತು ಮಂಗಳವಾರ ರಾತ್ರಿ ಬಂತು. ಒಟ್ಟು 16 ಎಪಿಸೋಡ್. ಒಂದೊಂದೂ ಒಂದು ಗಂಟೆ ದಾಟುತ್ತದೆ. ಬರೆದವರು ಜಿನ್ ಸೂ-ವಾನ್. ಆ ದೇಶದಲ್ಲಿ ಇವರದು ದೊಡ್ಡ ಹೆಸರು. 2012ರ "ಮೂನ್ ಎಂಬ್ರೇಸಿಂಗ್ ದಿ ಸನ್", 2015ರ "ಕಿಲ್ ಮಿ, ಹೀಲ್ ಮಿ", 2017ರ "ಚಿಕಾಗೋ ಟೈಪ್‌ರೈಟರ್" ಎಲ್ಲ ಇವರದ್ದೇ. ಎರಡು ಕಾಲವನ್ನು ಒಂದಕ್ಕೊಂದು ಗಂಟು ಹಾಕುವುದು ಇವರಿಗೆ ಹೊಸದಲ್ಲ. ಚಿಕಾಗೋ ಟೈಪ್‌ರೈಟರ್‌ನಲ್ಲೂ ಇವತ್ತಿನ ಸೋಲ್ ನಗರಕ್ಕೂ 1930ರ ದಶಕದ ಸೋಲ್‌ಗೂ ನಂಟು ಇತ್ತು.

ಒಂದು ತಮಾಷೆ ನೋಡಿ. ಇದು ಶಾಲೆ ಮಕ್ಕಳ ಕಥೆ. ಕೊನೆಯ ಎಪಿಸೋಡ್ ಬಂದ ಎರಡೇ ದಿನಕ್ಕೆ, ನವೆಂಬರ್ 16ರಂದು, ಕೊರಿಯಾದ ಮಕ್ಕಳು ಸುನುಂಗ್ ಅನ್ನೋ ಕಾಲೇಜು ಪ್ರವೇಶ ಪರೀಕ್ಷೆಗೆ ಕೂತರು. ಅಂದರೆ ಕಥೆ ಯಾರ ಬಗ್ಗೆಯೋ ಅವರಿಗೆ ಮಾತ್ರ ಟಿವಿ ಮುಂದೆ ಕೂರಲು ಮನೆಯಲ್ಲಿ ಬಿಟ್ಟಿರಲ್ಲ!

ಗುಟ್ಟು ಹೇಳದೆ ಕಥೆ ಹೇಳಿ, ನೋಡಬೇಕೋ ಬೇಡವೋ ನಿರ್ಧಾರ ಮಾಡ್ತೀನಿ.

ಹಾ ಉನ್‌ಗ್ಯೋಲ್ ಅನ್ನೋ ಹುಡುಗ. ಅಪ್ಪ, ಅಮ್ಮ, ಅಣ್ಣ ಮೂವರಿಗೂ ಕಿವಿ ಕೇಳಿಸುವುದಿಲ್ಲ. ಮನೆಯಲ್ಲಿ ಕೇಳಿಸುವುದು ಇವನೊಬ್ಬನಿಗೇ. ಹಾಗಾಗಿ ಚಿಕ್ಕವನಿದ್ದಾಗಿಂದ ಹೊರಗಿನವರ ಮಾತನ್ನು ಮನೆಯವರಿಗೆ, ಮನೆಯವರ ಮಾತನ್ನು ಹೊರಗಿನವರಿಗೆ ದಾಟಿಸುವ ಕೆಲಸ ಇವನದು. ಹಗಲು ಒಳ್ಳೆ ವಿದ್ಯಾರ್ಥಿ, ಮನೆಗೆ ಹೆಮ್ಮೆಯ ಮಗ. ರಾತ್ರಿ ಯಾರಿಗೂ ಹೇಳದೆ ಬ್ಯಾಂಡ್‌ನಲ್ಲಿ ಗಿಟಾರ್ ಬಾರಿಸುತ್ತಾನೆ. ಚಿಕ್ಕಂದಿನಲ್ಲಿ ಒಂದು ಸಂಗೀತದ ಅಂಗಡಿಯ ತಾತ ಕೈಗೆ ಕೊಟ್ಟ ಗೀಳು ಅದು. ಒಂದು ದಿನ ಅಪ್ಪನಿಗೆ ಗೊತ್ತಾಗುತ್ತದೆ, ಜಗಳ ಆಗುತ್ತದೆ. ಗಿಟಾರ್ ಮಾರಿಬಿಡೋಣ ಅಂತ ಒಂದು ವಿಚಿತ್ರ ಅಂಗಡಿಗೆ ಹೋದವನು ಹೊರಗೆ ಬಂದಾಗ ಇಸವಿ 1995.

ಅಲ್ಲಿ ಒಬ್ಬ ಬಾಯಿಬಡುಕ ಹುಡುಗ ಸಿಗುತ್ತಾನೆ. ಕೇಕೆ, ಕುಣಿತ, ಕಂಡವರನ್ನೆಲ್ಲ ಮಾತಾಡಿಸುವ ಚಟ. ಅವನೇ ಇವನ ಅಪ್ಪ, ಹಾ ಯಿಚಾನ್, ಹದಿನೆಂಟರ ವಯಸ್ಸಿನವನು. ಕಿವಿ ಚೆನ್ನಾಗಿ ಕೇಳಿಸುತ್ತದೆ. ಅಷ್ಟು ಮಾತ್ರ ಅಲ್ಲ, ಅಮ್ಮನನ್ನು ಬಿಟ್ಟು ಬೇರೆ ಯಾವುದೋ ಹುಡುಗಿ ಹಿಂದೆ ಬಿದ್ದಿದ್ದಾನೆ.

ಇನ್ನು ಮುಂದೆ ನೀವೇ ನೋಡಬೇಕು.

ಯಾರು ಯಾರು ಅಂತ ಗೊಂದಲ ಆಗ್ತಿದೆ. ಒಂದೇ ಪಾತ್ರಕ್ಕೆ ಇಬ್ಬಿಬ್ಬರು ಇದ್ದಾರಾ?

ಹೌದು, ಇದು ಎಲ್ಲರಿಗೂ ಆಗುವ ಗೊಂದಲ. ಯಿಚಾನ್ ಹುಡುಗನಾಗಿದ್ದಾಗ ಚೊಯ್ ಹ್ಯೂನ್-ವೂಕ್, ದೊಡ್ಡವನಾದ ಮೇಲೆ ಚೊಯ್ ವೊನ್-ಯಂಗ್. ಅಮ್ಮ ಚಂಗಾ ಹುಡುಗಿಯಾಗಿದ್ದಾಗ ಶಿನ್ ಉನ್-ಸೂ, ಆಮೇಲೆ ಸಿಯೋ ಯಂಗ್-ಹೀ. ಮಗ ಉನ್‌ಗ್ಯೋಲ್ ಮಾತ್ರ ಎರಡೂ ಕಾಲದಲ್ಲಿ ಒಬ್ಬನೇ, ರ್‍ಯೊಉನ್ ಅನ್ನೋ ನಟ. ಯಿಚಾನ್ ಹಿಂದೆ ಬಿದ್ದಿರುವ ಚೆಲ್ಲೊ ಬಾರಿಸುವ ಚೆಲುವೆಯ ಹೆಸರು ಸೆಗ್ಯಂಗ್. ಆದರೆ ನಾವು ನೋಡುವ ಹುಡುಗಿ ಸೆಗ್ಯಂಗ್ ಅಲ್ಲ. ಅವಳ ಮಗಳು ಉನ್ಯು. ಅವಳೂ ಮುಂದಿನ ಕಾಲದಿಂದ ಬಂದು ಅಮ್ಮನ ಜಾಗದಲ್ಲಿ ಅಮ್ಮನ ಹೆಸರಲ್ಲೇ ಓಡಾಡುತ್ತಿದ್ದಾಳೆ. ಈ ಪಾತ್ರ ಸಲ್ ಇನ್-ಆ ಅವರದು. (ಇದು ಸ್ಪಾಯ್ಲರ್ ಅಲ್ವಾ ಅಂತ ಕೇಳಬೇಡಿ, ಬೇಗನೇ ಗೊತ್ತಾಗುತ್ತದೆ. ಗೊತ್ತಿಲ್ಲದಿದ್ದರೆ ತಲೆ ಕೆಡುತ್ತದೆ.)

ಅಂದರೆ ಲೆಕ್ಕ ಇಷ್ಟು: ಅಪ್ಪನ ಕಾಲಕ್ಕೆ ಬಂದು ಬಿದ್ದ ಮಗ ಒಬ್ಬ, ಅಮ್ಮನಾಗಿ ನಟಿಸುತ್ತಿರುವ ಮಗಳು ಒಬ್ಬಳು. ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ತಿರುಗುತ್ತಾರೆ.

ಎಲ್ಲಿ ನೋಡಬಹುದು?

ಹೊರದೇಶಗಳಿಗೆ ಇದು ಬಂದದ್ದು ರಾಕುಟೆನ್ ವಿಕಿ ಮೂಲಕ. ಪ್ರಸಾರದ ಹಕ್ಕು ಆಗಾಗ ಕೈ ಬದಲಾಗುತ್ತದೆ, ಆದ್ದರಿಂದ ಮೊದಲು ವಿಕಿ ಆಪ್‌ನಲ್ಲಿ ಹೆಸರು ಹುಡುಕಿ. ನಾನು ನೋಡಿದ್ದು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು.

ಮೊದಲ ಎಪಿಸೋಡ್ ನೋಡಿದೆ. ಟೈಮ್ ಟ್ರಾವೆಲ್ ಎಲ್ಲಿ? ಬಿಟ್ಟುಬಿಡಲಾ?

ಬಿಡಬೇಡಿ. ಶುರುವಿನ ಭಾಗ 2023ರಲ್ಲೇ ನಡೆಯುವುದು ಬೇಕೆಂದೇ ಮಾಡಿದ್ದು. ಈ ಮನೆ ಹೇಗಿದೆ, ಊಟದ ಹೊತ್ತಿಗೆ ಇವರು ಕೈಯಲ್ಲಿ ಹೇಗೆ ಹರಟುತ್ತಾರೆ, ಮಗನ ಹೆಗಲ ಮೇಲೆ ಎಷ್ಟು ಭಾರ ಇದೆ ಅನ್ನೋದು ಸರಿಯಾಗಿ ಮನಸ್ಸಿಗೆ ಇಳಿಯದಿದ್ದರೆ 1995ರಲ್ಲಿ ಅಪ್ಪ ಬಾಯಿಬಿಟ್ಟು ಮಾತಾಡಿದಾಗ ಮಗನ ಮುಖದಲ್ಲಿ ಆಗುವುದು ನಮಗೆ ಆಗುವುದಿಲ್ಲ. ಅಪ್ಪನ ದನಿ ಹೇಗಿರುತ್ತದೆ ಅಂತ ಆ ಹುಡುಗನಿಗೆ ಗೊತ್ತೇ ಇರಲಿಲ್ಲ. ಟೈಮ್ ಟ್ರಾವೆಲ್ ಕಥೆಗಳು ನೂರಾರಿವೆ. ಈ ಒಂದು ಕ್ಷಣ ಬೇರೆ ಯಾವುದರಲ್ಲೂ ಬರಲು ಸಾಧ್ಯ ಇಲ್ಲ.

ಕೋಡಾ ಅಂತ ಎಲ್ಲರೂ ಹೇಳ್ತಾರೆ. ಏನದು? ಅದೇ ಹೆಸರಿನ ಸಿನಿಮಾದ ನಕಲಾ ಇದು?

ಕಿವಿ ಕೇಳಿಸದ ತಂದೆ ತಾಯಿಗೆ ಹುಟ್ಟಿದ ಮಕ್ಕಳಿಗೆ ಕೋಡಾ ಅನ್ನುತ್ತಾರೆ. ಸಾಮಾನ್ಯವಾಗಿ ಈ ಮಕ್ಕಳಿಗೆ ಕಿವಿ ಕೇಳಿಸುತ್ತದೆ. ಮೊದಲು ಕಲಿಯುವುದು ಮಾತ್ರ ಕೈಯ ಭಾಷೆ. ಬ್ಯಾಂಕು, ಆಸ್ಪತ್ರೆ, ಮನೆ ಬಾಡಿಗೆಯ ಮಾತುಕತೆ, ಎಲ್ಲ ಕಡೆ ದೊಡ್ಡವರ ಮಧ್ಯೆ ನಿಂತು ಮಾತು ದಾಟಿಸಬೇಕು. ಡಾಕ್ಟರ್ ಹೇಳಿದ ಕೆಟ್ಟ ಸುದ್ದಿಯನ್ನು ಅಮ್ಮನಿಗೆ ಹೇಳಬೇಕಾದವರೂ ಅವರೇ. ಯಾರೋ ಅಪ್ಪನನ್ನು ಬೈದರೆ ಅದನ್ನು ಕೈಯಲ್ಲಿ ಹೇಳಬೇಕೋ ನುಂಗಬೇಕೋ ಅಂತ ಎಂಟು ವರ್ಷಕ್ಕೇ ಯೋಚನೆ ಮಾಡಬೇಕು. ಬೇಗ ದೊಡ್ಡವರಾಗುತ್ತಾರೆ ಅಂತ ನಾವು ಹೊಗಳುತ್ತೇವಲ್ಲ, ಉನ್‌ಗ್ಯೋಲ್‌ಗೆ ಆ ಹೊಗಳಿಕೆಯೇ ಸಾಕಾಗಿದೆ.

ಸಿನಿಮಾ ವಿಷಯ. 2021ರ ಅಮೆರಿಕದ "ಕೋಡಾ" ಚಿತ್ರದಲ್ಲೂ ಕಿವಿ ಕೇಳಿಸದ ಮನೆಯವರ ಮಧ್ಯೆ ಹಾಡು ಹಾಡುವ ಹುಡುಗಿ ಇದ್ದಾಳೆ. ಅದು ಕೂಡ ಒಂದು ಫ್ರೆಂಚ್ ಚಿತ್ರದ ರೀಮೇಕ್. ಮನೆಗೆ ಕೇಳಿಸದ ಸಂಗೀತವೇ ಮಗುವಿನ ಪ್ರಾಣ ಅನ್ನೋ ಎಳೆ ಎರಡರಲ್ಲೂ ಒಂದೇ. ಅಷ್ಟಕ್ಕೇ ನಕಲು ಅನ್ನೋಕೆ ಆಗಲ್ಲ. ಆ ಹುಡುಗಿಗೆ ಮನೆ ಬಿಟ್ಟು ಹೋಗುವುದು ಹೇಗೆ ಅನ್ನೋ ಚಿಂತೆ. ಈ ಹುಡುಗನಿಗೆ ಮನೆ ಶುರುವಾದದ್ದು ಹೇಗೆ ಅನ್ನೋದನ್ನು ಕಣ್ಣಾರೆ ನೋಡುವ ಅವಕಾಶ.

ಅಪ್ಪನ ಜೊತೆ ಗೆಳೆಯನಾಗಿ ಇರುವುದು ಅಂದರೆ ಹೇಗೆ? ಕೊರಿಯಾದಲ್ಲಿ ದೊಡ್ಡವರಿಗೆ ಅಷ್ಟು ಮರ್ಯಾದೆ ಕೊಡಬೇಕಲ್ಲ?

ಅದೇ ಮಜಾ. ಅಪ್ಪನ ಮುಂದೆ ಎರಡೂ ಕೈಯಲ್ಲಿ ಲೋಟ ಹಿಡಿಯಬೇಕಾದ ದೇಶದಲ್ಲಿ ಅಪ್ಪನನ್ನೇ ಹೋಗೋ ಬಾರೋ ಅನ್ನಬೇಕು. ಬೈಯಬೇಕು, ತಲೆಗೆ ಮೊಟಕಬೇಕು. ಉನ್‌ಗ್ಯೋಲ್‌ಗೆ ಮೊದಮೊದಲು ಬಾಯಿ ತಡವರಿಸುತ್ತದೆ. ಆಮೇಲೆ ಎಷ್ಟು ಸಲೀಸಾಗುತ್ತದೆ ಅಂದರೆ ಕೆಲವು ಕಡೆ ಇವನೇ ಅಪ್ಪ, ಅವನೇ ಮಗ ಅನ್ನಿಸುತ್ತದೆ. ಯಿಚಾನ್‌ನ ಅಜ್ಜಿ ವಿದ್ಯಾರ್ಥಿಗಳಿಗೆ ಊಟ, ರೂಮು ಕೊಡುವ ಮನೆ ನಡೆಸುತ್ತಿರುತ್ತಾಳೆ. ಕೊರಿಯಾದ ಹಳೆಯ ಧಾರಾವಾಹಿಗಳಲ್ಲಿ ಇಂಥ ಮನೆ ಇಲ್ಲದೆ ಕಥೆಯೇ ಇಲ್ಲ. ಅಲ್ಲೇ ಇವನೂ ಸೇರಿಕೊಳ್ಳುತ್ತಾನೆ. ಯಾರಿಗೋ ಬಡಿಸಿದ ಹಾಗೆ ತನ್ನ ಮರಿಮಗನಿಗೆ ಬಡಿಸುತ್ತಿದ್ದೇನೆ ಅಂತ ಅಜ್ಜಿಗೆ ಗೊತ್ತಿಲ್ಲ. ಈ ಪಾತ್ರ ಗೋ ಡೂ-ಶಿಮ್ ಅವರದು. ಕೊರಿಯಾದ ಟಿವಿ ನೋಡುವವರಿಗೆ ಆ ಮುಖ ಕಂಡರೇ ಸಾಕು, ಅಮ್ಮನ ಮನೆಗೆ ಬಂದ ಹಾಗೆ.

ಅಮ್ಮನ ಕಥೆ ನೋಡಿ ಸಿಟ್ಟು ಬಂತು. ಅವಳಿಗೆ ಸೈನ್ ಭಾಷೆ ಬರಲ್ವಾ? ಹೇಗೆ ಸಾಧ್ಯ?

ಈ ಧಾರಾವಾಹಿಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಚಂಗಾ ಶ್ರೀಮಂತ ಉದ್ಯಮಿಯ ಮಗಳು. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮನೆಯಲ್ಲಿ ಮಲತಾಯಿ. ದುಡ್ಡು ಇದೆ, ಮಹಡಿ ಮನೆ ಇದೆ, ಆದರೆ ಅವಳಿಗೆ ಯಾರೂ ಒಂದು ಭಾಷೆ ಕೊಟ್ಟಿಲ್ಲ. ಮಾತೂ ಇಲ್ಲ, ಸೈನ್ ಕೂಡ ಇಲ್ಲ. 2023ರಲ್ಲಿ ಕೈಯಲ್ಲೇ ನಗಿಸುವ, ಗದರಿಸುವ ಅಮ್ಮನನ್ನು ನೋಡಿ ಬೆಳೆದ ಮಗ, 1995ರಲ್ಲಿ ಅವಳ ಮುಂದೆ ನಿಂತು ಕೈ ಆಡಿಸಿದರೆ ಅವಳು ಸುಮ್ಮನೆ ನೋಡುತ್ತಾಳೆ. ಅರ್ಥವೇ ಆಗಿಲ್ಲ.

ಇದು ಕಥೆಗೋಸ್ಕರ ಹುಟ್ಟಿಸಿದ ಕಷ್ಟ ಅಲ್ಲ. ಕಿವಿ ಕೇಳಿಸದ ಮಕ್ಕಳಿಗೆ ಸೈನ್ ಕಲಿಸಿದರೆ ಮಾತು ಬರುವುದೇ ಇಲ್ಲ, ತುಟಿ ನೋಡಿ ಅರ್ಥ ಮಾಡಿಕೊಳ್ಳಲಿ, ಎಲ್ಲರ ಹಾಗೆ ಕಾಣಲಿ ಅನ್ನೋ ಹಟ ಜಗತ್ತಿನ ತುಂಬ ಬಹಳ ಕಾಲ ಇತ್ತು. ಶ್ರೀಮಂತರ ಮನೆಯಲ್ಲಿ ನಾಲ್ಕು ಜನ ನೋಡುತ್ತಾರೆ ಅನ್ನೋ ನಾಚಿಕೆ ಬೇರೆ. ಕೊರಿಯಾದಲ್ಲಿ ಸೈನ್ ಭಾಷೆಗೆ ಕಾನೂನಿನ ಬಲ ಬಂದದ್ದು 2016ರಲ್ಲಿ. ಆ ಕಾನೂನು ಕೊರಿಯನ್ ಸೈನ್ ಭಾಷೆಯನ್ನು ಕೊರಿಯನ್ ಭಾಷೆಗೆ ಸಮನಾದ ಅಧಿಕೃತ ಭಾಷೆ ಅಂದಿತು. ಚಂಗಾ ಹುಡುಗಿಯಾಗಿದ್ದದ್ದು ಅದಕ್ಕೂ ಇಪ್ಪತ್ತೊಂದು ವರ್ಷ ಹಿಂದೆ.

ಆಮೇಲೆ ಆಗುವುದು ನೋಡಿ. ಮಗನೇ ಅವಳಿಗೆ ಸೈನ್ ಕಲಿಸುತ್ತಾನೆ. ಅವನು ಅದನ್ನು ಕಲಿತದ್ದು ಯಾರಿಂದ? ಅವಳಿಂದ. ಅವಳು ಕಲಿತದ್ದು? ಇವನಿಂದ. ಹಾಗಾದರೆ ಮೊದಲು ಕಲಿತವರು ಯಾರು? ಟೈಮ್ ಟ್ರಾವೆಲ್ ಕಥೆಗಳಲ್ಲಿ ಈ ಥರದ ಸುತ್ತು ಸಾಮಾನ್ಯವಾಗಿ ಗಡಿಯಾರಕ್ಕೋ ಪತ್ರಕ್ಕೋ ಆಗುತ್ತದೆ, ನೋಡುವವರು ಕೂತು ಲೆಕ್ಕ ಹಾಕುತ್ತಾರೆ. ಇಲ್ಲಿ ಸುತ್ತು ತಿರುಗುವುದು ಒಂದು ಭಾಷೆ. ಲೆಕ್ಕ ಹಾಕಬೇಕು ಅನ್ನಿಸುವುದೇ ಇಲ್ಲ.

ಶಿನ್ ಉನ್-ಸೂ ಈ ಪಾತ್ರಕ್ಕೆ ಬಾಯಲ್ಲಿ ಮಾತೇ ಇಲ್ಲದೆ ನಟಿಸಿದ್ದಾರೆ. ಅತ್ತು ಕರೆದು ಕರುಣೆ ಕೇಳುವ ನಟನೆ ಅಲ್ಲ ಅದು. ಆ ಹುಡುಗಿಗೆ ಹಟ ಇದೆ, ಕುತೂಹಲ ಇದೆ, ಚಿತ್ರ ಬರೆಯುವ ಕೈ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಯಿಚಾನ್ ಮೇಲೆ ಕಣ್ಣೂ ಇದೆ!

ಧಾರಾವಾಹಿಯಲ್ಲಿ ಇರುವುದು ನಿಜವಾದ ಸೈನ್ ಭಾಷೆನಾ? ನಟರಿಗೆ ಕಿವಿ ಕೇಳಿಸುತ್ತಾ?

ಕೊರಿಯನ್ ಸೈನ್ ಭಾಷೆಯೇ. ಸಾಮಾನ್ಯವಾಗಿ ದೇಶ ದೇಶಕ್ಕೆ ಬೇರೆ ಬೇರೆ ಸೈನ್ ಇರುತ್ತದೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಕೊರಿಯಾದ್ದು ಜಪಾನ್ ಮತ್ತು ತೈವಾನ್‌ನ ಸೈನ್ ಭಾಷೆಗಳಿಗೆ ನೆಂಟ. ಭಾರತದ ಸೈನ್ ಭಾಷೆ ಕಲಿತವರಿಗೆ ಇದು ಹಾಗೇ ಅರ್ಥ ಆಗುವುದಿಲ್ಲ.

ಮುಖ್ಯ ನಟರೆಲ್ಲ ಕಿವಿ ಕೇಳಿಸುವವರು, ಪಾತ್ರಕ್ಕಾಗಿ ಸೈನ್ ಕಲಿತವರು. ಕೋಡಾ ಚಿತ್ರದಲ್ಲಿ ಅಪ್ಪ, ಅಮ್ಮ, ಅಣ್ಣನ ಪಾತ್ರಗಳನ್ನು ಕಿವಿ ಕೇಳಿಸದ ನಟರೇ ಮಾಡಿದ್ದರು, ಅಪ್ಪನ ಪಾತ್ರ ಮಾಡಿದ ಟ್ರಾಯ್ ಕೋಟ್ಸರ್‌ಗೆ ಆಸ್ಕರ್ ಕೂಡ ಬಂತು. ಆ ಮಟ್ಟಕ್ಕೆ ಕೊರಿಯಾದ ಟಿವಿ ಇನ್ನೂ ಬರಬೇಕು. ಅಣ್ಣನ ಪಾತ್ರಕ್ಕಾದರೂ ಅಂಥ ಒಬ್ಬ ನಟ ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

1995 ಯಾಕೆ? ಅದೇನು ವಿಶೇಷ ವರ್ಷ?

ಇವತ್ತು ಹೈಸ್ಕೂಲಲ್ಲಿರುವ ಮಕ್ಕಳ ಅಪ್ಪ ಅಮ್ಮ ಆಗ ಹೈಸ್ಕೂಲಲ್ಲಿದ್ದರು. ಲೆಕ್ಕ ಇಷ್ಟೇ ಸರಳ. ಜೊತೆಗೆ ಅದು ಮೊಬೈಲ್ ಬರುವ ಮೊದಲಿನ ಕೊನೆಯ ಕಾಲ. ಹುಡುಗರ ಸೊಂಟದಲ್ಲಿ ಪೇಜರ್. ಅದರಲ್ಲಿ ಬರೀ ಅಂಕಿ ಬರುವುದು, ಕೊರಿಯನ್‌ನಲ್ಲಿ ಓದಿದರೆ ಆ ಅಂಕಿಯ ದನಿಯೇ ಮಾತು. 8282 ಬಂದರೆ ಬೇಗ ಬೇಗ, 1004 ಬಂದರೆ ನೀನು ನನ್ನ ದೇವತೆ. ಪೇಜರ್ ಕಿರುಗುಟ್ಟಿದರೆ ಎಲ್ಲರೂ ಫೋನ್ ಬೂತಿಗೆ ಓಡುತ್ತಿದ್ದರು. ಪ್ರೀತಿ ಹುಟ್ಟಲು, ಹಾಗೆಯೇ ಒಬ್ಬರಿಗೊಬ್ಬರು ತಪ್ಪಿಹೋಗಲು, ಇದಕ್ಕಿಂತ ಒಳ್ಳೆ ಏರ್ಪಾಡು ಬೇಕಾ?

ಬ್ಯಾಂಡ್ ಹುಚ್ಚಿಗೂ ಆ ಕಾಲ ಸರಿಹೊಂದುತ್ತದೆ. ಸಿಯೋ ತೈಜಿ ಅಂಡ್ ಬಾಯ್ಸ್ ಅನ್ನೋ ಹಾಡುಗಾರರ ತಂಡದವರು 1992ರಲ್ಲಿ ಬಂದು ಕೊರಿಯಾದ ಹುಡುಗರ ಕಿವಿಯನ್ನೇ ಬದಲಾಯಿಸಿದ್ದರು, 1996ರ ಜನವರಿಯಲ್ಲಿ ಬೇರೆಯಾದರು. ಸೋಲ್‌ನ ಹೊಂಗ್ದೆ ಸುತ್ತಮುತ್ತ ಸಣ್ಣ ಕ್ಲಬ್‌ಗಳಲ್ಲಿ ಹುಡುಗರು ಗಿಟಾರ್ ಹಿಡಿದು ಕಿರುಚಲು ಶುರು ಮಾಡಿದ್ದೂ ಆ ದಿನಗಳಲ್ಲೇ. ಇವತ್ತಿನ ಕೆ-ಪಾಪ್ ಕಂಪನಿಗಳ ಅಚ್ಚುಕಟ್ಟು ಇನ್ನೂ ಬಂದಿರಲಿಲ್ಲ. ಹುಡುಗರು ಸೇರಿ, ಒಬ್ಬ ಹುಡುಗಿಯನ್ನು ಮೆಚ್ಚಿಸಬೇಕು ಅಂತ "ವಾಟರ್‌ಮೆಲನ್ ಶುಗರ್" ಅನ್ನೋ ಹೆಸರಿಟ್ಟು ಬ್ಯಾಂಡ್ ಕಟ್ಟುವುದು ಆ ವರ್ಷಕ್ಕೆ ನಂಬುವ ಹಾಗಿದೆ.

ಹಾಗಂತ 1995 ಕೊರಿಯನ್ನರಿಗೆ ಬರೀ ಸಿಹಿ ನೆನಪಲ್ಲ. ಆ ವರ್ಷ ಜೂನ್ 29ರಂದು ಸೋಲ್‌ನ ಸಾಂಪೂಂಗ್ ಅನ್ನೋ ದೊಡ್ಡ ಮಳಿಗೆ ಕುಸಿದು 502 ಜನ ಸತ್ತರು. ಎರಡು ವರ್ಷ ಬಿಟ್ಟು, 1997ರ ಕೊನೆಗೆ, ದೇಶದ ಹಣಕಾಸು ಕುಸಿದು ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಕೊರಿಯಾದ ಟಿವಿ 90ರ ದಶಕಕ್ಕೆ ಮತ್ತೆ ಮತ್ತೆ ಓಡುವುದು ಇದಕ್ಕೇ ಅಂತ ನನ್ನ ಅಂದಾಜು. ಮುಂದೆ ಏನು ಕಾದಿದೆ ಅಂತ ನೋಡುವವರಿಗೆ ಗೊತ್ತು, ಪರದೆ ಮೇಲಿನ ಹುಡುಗರಿಗೆ ಗೊತ್ತಿಲ್ಲ.

ಟೈಮ್ ಟ್ರಾವೆಲ್ ನಿಯಮಗಳು ಸರಿಯಾಗಿವೆಯಾ? ಲಾಜಿಕ್ ಇದೆಯಾ?

ಲಾಜಿಕ್ ಹುಡುಕಿಕೊಂಡು ಹೋದರೆ ನಿರಾಸೆ. ಅಂಗಡಿ ಇದೆ, ಅದರಲ್ಲಿ ಎಲ್ಲ ಬಲ್ಲವನ ಹಾಗೆ ಮಾತಾಡುವ ಮಾಲೀಕ ಇದ್ದಾನೆ, ಒಳಗೆ ಹೋದವರು ಬೇರೆ ಕಾಲಕ್ಕೆ ಹೋಗುತ್ತಾರೆ. ಯಾರು ಹೋಗಬಹುದು, ಯಾಕೆ, ಎಷ್ಟು ದಿನ ಅಂತ ಗಟ್ಟಿಯಾಗಿ ಹೇಳುವುದಿಲ್ಲ. ಅಪ್ಪ ಬೇರೆಯವಳನ್ನು ಮದುವೆಯಾದರೆ ನಾನು ಹುಟ್ಟುವುದೇ ಇಲ್ಲವಲ್ಲ ಅನ್ನೋ ಹಳೆಯ ಭಯ ಮಾತ್ರ ಚೆನ್ನಾಗಿ ಬಳಕೆಯಾಗಿದೆ, ಅದೂ ಜಾಸ್ತಿ ತಮಾಷೆಗೆ. ಮಗನೇ ಅಪ್ಪ ಅಮ್ಮನಿಗೆ ಮದುವೆ ದಲ್ಲಾಳಿ ಆಗಬೇಕಾದ ಪರಿಸ್ಥಿತಿ.

ಇದರಲ್ಲಿ ಪ್ರೀತಿ ಕಥೆ ಎಷ್ಟು? ಯಾವ ಜೋಡಿ ಚೆನ್ನಾಗಿದೆ?

ಎರಡು ಜೋಡಿ. ಉನ್‌ಗ್ಯೋಲ್ ಮತ್ತು ಉನ್ಯು, ಯಿಚಾನ್ ಮತ್ತು ಚಂಗಾ. ಹೆಸರಿಗೆ ಮೊದಲನೆಯದು ಮುಖ್ಯ ಜೋಡಿ. ಇಬ್ಬರಿಗೂ ಮನೆಯ ಗಾಯ ಇದೆ, ಅದನ್ನು ಮುಚ್ಚಿಟ್ಟು ಕಿತ್ತಾಡುತ್ತಾರೆ. ಚೆನ್ನಾಗಿಯೇ ಇದೆ. ಆದರೆ ನನ್ನನ್ನು ಕೇಳಿದರೆ ಎರಡನೇ ಜೋಡಿಯದ್ದೇ ಒಂದು ಕೈ ಮೇಲು. ಬಾಯಿ ಮುಚ್ಚದ ಹುಡುಗ, ಬಾಯಲ್ಲಿ ಮಾತೇ ಬರದ ಹುಡುಗಿ. ಅವನು ಮೊದಲ ಸಲ ಸುಮ್ಮನಾಗುವುದು ಅವಳನ್ನು ಗಮನಿಸಲು. ಮುಂದೆ ಇವರು ಗಂಡ ಹೆಂಡತಿ ಆಗುತ್ತಾರೆ ಅಂತ ಮೊದಲ ಎಪಿಸೋಡಿನಿಂದಲೇ ನಮಗೆ ಗೊತ್ತು. ಆದರೂ ಆಗುತ್ತಾರೋ ಇಲ್ಲವೋ ಅಂತ ಎದೆ ಹೊಡೆದುಕೊಳ್ಳುವ ಹಾಗೆ ಬರೆದಿದ್ದಾರಲ್ಲ, ಅದಕ್ಕೆ ಜಿನ್ ಸೂ-ವಾನ್ ಅವರಿಗೆ ಕೈ ಮುಗಿಯಬೇಕು.

ಸ್ಪಾಯ್ಲರ್: ಅಪ್ಪನ ಕಿವಿ ಉಳಿಯುತ್ತಾ? ಉಳಿಯದಿದ್ದರೆ ಇಷ್ಟೆಲ್ಲ ಯಾಕೆ ಮಾಡಿದ್ದು?

ಉಳಿಯುವುದಿಲ್ಲ. ಗೆಳೆಯನನ್ನು ಪಾರು ಮಾಡಲು ಹೋಗಿ ಯಿಚಾನ್ ಪೆಟ್ಟು ತಿನ್ನುತ್ತಾನೆ, ಕಿವಿ ಹೋಗುತ್ತದೆ. ಆ ಗೆಳೆಯ ಅಂದರೆ ಮಗನೇ. ಇಪ್ಪತ್ತೆಂಟು ವರ್ಷ ಹಿಂದಕ್ಕೆ ಬಂದು ಅಪಘಾತ ತಪ್ಪಿಸಲು ಹೆಣಗಿದವನೇ ಅಪಘಾತಕ್ಕೆ ಕಾರಣ ಆದ ಹಾಗಾಯಿತು.

ಇಲ್ಲಿ ತುಂಬ ಜನ ಸಿಟ್ಟಾಗುತ್ತಾರೆ, ಮೋಸ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲಿನಿಂದಲೂ ಉನ್‌ಗ್ಯೋಲ್‌ಗೆ ಒಂದು ನಂಬಿಕೆ ಇದೆ: ಅಪ್ಪನಿಗೆ ಕಿವಿ ಹೋದದ್ದೇ ಈ ಮನೆಯ ಎಲ್ಲ ಕಷ್ಟಕ್ಕೂ ಬೇರು, ಅದನ್ನು ಕಿತ್ತರೆ ಎಲ್ಲ ಸರಿ. ಆದರೆ ಮೊದಲ ಎಪಿಸೋಡಿಗೆ ವಾಪಸ್ ಹೋಗಿ ನೋಡಿ, ಆ ಅಪ್ಪ ದುಃಖದ ಮನುಷ್ಯ ಅಲ್ಲವೇ ಅಲ್ಲ. ನಗುತ್ತಾನೆ, ತಮಾಷೆ ಮಾಡುತ್ತಾನೆ, ಹೆಂಡತಿಯನ್ನು ರೇಗಿಸುತ್ತಾನೆ. 1995ರ ಆ ತುಂಟ ಹುಡುಗ ಎಲ್ಲೂ ಕಳೆದುಹೋಗಿಲ್ಲ. ಕಿವಿ ಕೇಳಿಸುವ ಮಗನ ಕಣ್ಣಿಗೆ ಅದು ಕಂಡಿರಲಿಲ್ಲ ಅಷ್ಟೆ. ಒಂದು ವೇಳೆ ಯಿಚಾನ್ ಕಿವಿ ಉಳಿದು, ಅವನು ದೊಡ್ಡ ಗಾಯಕನಾಗಿ, ಎಲ್ಲ ಸುಖಾಂತ ಆಗಿದ್ದರೆ, ಮೊದಲಿದ್ದ ಅಪ್ಪ ಅಮ್ಮನ ಬದುಕೇ ತಪ್ಪು, ಅದನ್ನು ಅಳಿಸಿ ಬರೆಯಬೇಕಿತ್ತು ಅಂತ ಹೇಳಿದ ಹಾಗೆ ಆಗುತ್ತಿತ್ತು. ಅಣ್ಣನ ಗತಿ? ಚಂಗಾಳ ಗತಿ?

ಸ್ಪಾಯ್ಲರ್: ಹಾಗಾದರೆ ಕೊನೆ ನಿಮಗೆ ಪೂರ್ತಿ ಇಷ್ಟ ಆಯ್ತಾ?

ಇಲ್ಲ. ವಾಪಸ್ ಬಂದಾಗ ಮನೆಗೆ ಸಿರಿತನ ಬಂದಿರುತ್ತದೆ. ಅದು ಬೇಕಾಗಿರಲಿಲ್ಲ. ಕಿವಿ ವಿಷಯದಲ್ಲಿ ಅಷ್ಟು ಗಟ್ಟಿಯಾಗಿ ನಿಂತ ಕಥೆ ದುಡ್ಡಿನ ವಿಷಯದಲ್ಲಿ ಜಾರಿತು. ಬಡವರಾಗಿಯೇ ಚೆನ್ನಾಗಿದ್ದರಲ್ಲ ಅವರು! ಟಿವಿಯವರಿಗೆ ದೊಡ್ಡ ಮನೆ ತೋರಿಸದೆ ಸಮಾಧಾನ ಇಲ್ಲ ಅನ್ನಿಸುತ್ತದೆ, ಅದು ನಮ್ಮ ಕಡೆಯ ಸೀರಿಯಲ್‌ಗಳಿಗೂ ಇರುವ ರೋಗವೇ.

ಇನ್ನೇನು ದೂರುಗಳಿವೆ?

ಮಲತಾಯಿ. ನಟಿ ಕಿಮ್ ಜೂ-ರ್‍ಯಂಗ್ ಚೆನ್ನಾಗಿ ಮಾಡಿದ್ದಾರೆ, ತಪ್ಪು ಬರವಣಿಗೆಯದ್ದು. ಉಳಿದವರೆಲ್ಲ ಮನುಷ್ಯರ ಥರ ಇದ್ದಾರೆ, ಇವಳು ಮಾತ್ರ ಅಜ್ಜಿ ಕಥೆಯ ರಾಕ್ಷಸಿ ಥರ. ಮಗಳನ್ನು ಕಡೆಗಣಿಸಿದ ಅಪ್ಪ ಸುಲಭವಾಗಿ ಪಾರಾಗುವುದೂ ನನಗೆ ಸರಿಬರಲಿಲ್ಲ, ಎಲ್ಲ ಪಾಪವನ್ನೂ ಎರಡನೇ ಹೆಂಡತಿ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾನೆ. ಮಧ್ಯದ ಕೆಲವು ಎಪಿಸೋಡುಗಳಲ್ಲಿ ಯಾರು ಯಾರನ್ನು ಪ್ರೀತಿಸುತ್ತಾರೆ ಅನ್ನೋ ತಪ್ಪು ತಿಳಿವಳಿಕೆ ಬೇಕಾದ್ದಕ್ಕಿಂತ ಉದ್ದ ಎಳೆದಿದೆ. ಉನ್ಯು ಮತ್ತು ಅವಳ ಅಮ್ಮನ ಕಥೆಗೆ ಅಪ್ಪ ಮಗನ ಕಥೆಗೆ ಸಿಕ್ಕಷ್ಟು ಜಾಗ ಸಿಕ್ಕಿಲ್ಲ.

ಈ ನಟರನ್ನು ಎಲ್ಲೋ ನೋಡಿದ್ದೇನೆ, ಎಲ್ಲಿ?

ಚೊಯ್ ಹ್ಯೂನ್-ವೂಕ್ 2022ರ "ಟ್ವೆಂಟಿ-ಫೈವ್ ಟ್ವೆಂಟಿ-ಒನ್" ಮತ್ತು "ವೀಕ್ ಹೀರೋ ಕ್ಲಾಸ್ 1"ರಲ್ಲಿ ಇದ್ದರು. ಮೊದಲು ಬೇಸ್‌ಬಾಲ್ ಆಡುತ್ತಿದ್ದ ಹುಡುಗ, ಪರದೆ ಮೇಲೆ ಒಂದು ಕಡೆ ನಿಲ್ಲದ ಆ ಚುರುಕು ಅಲ್ಲಿಂದಲೇ ಬಂದಿರಬೇಕು. ಸಲ್ ಇನ್-ಆ "ಬಿಸಿನೆಸ್ ಪ್ರಪೋಸಲ್"ನಲ್ಲಿ ನಾಯಕಿಯ ಗೆಳತಿ. ದೊಡ್ಡವನಾದ ಯಿಚಾನ್ ಆಗಿ ಬರುವ ಚೊಯ್ ವೊನ್-ಯಂಗ್ "ಸ್ಕೈ ಕ್ಯಾಸಲ್"ನಲ್ಲಿ ಇದ್ದ ಒಳ್ಳೆಯ ಡಾಕ್ಟರ್.

ಮನೆಯವರ ಜೊತೆ ಕೂತು ನೋಡಬಹುದಾ?

ನೋಡಬಹುದು, ಮುಜುಗರದ ದೃಶ್ಯ ಇಲ್ಲ. ಆದರೆ ತೀರಾ ಚಿಕ್ಕ ಮಕ್ಕಳಿಗೆ ಬೇಡ. ಮನೆಯೊಳಗಿನ ಹಿಂಸೆ ಇದೆ, ಶಾಲೆಯಲ್ಲಿ ಕಾಡುವುದು ಇದೆ, ಬದುಕು ಸಾಕು ಅನ್ನಿಸುವ ಹುಡುಗಿಯ ಕಥೆ ಇದೆ. ಹದಿಹರೆಯದ ಮಕ್ಕಳ ಜೊತೆ ನೋಡಿದರೆ ಒಳ್ಳೆಯದೇ. ಒಂದು ಎಚ್ಚರಿಕೆ: ನೀವು ಅವರ ವಯಸ್ಸಲ್ಲಿ ಹೇಗಿದ್ದಿರಿ ಅನ್ನೋ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಸಿದ್ಧ ಇಟ್ಟುಕೊಳ್ಳಿ.

ಎರಡನೇ ಸೀಸನ್ ಇದೆಯಾ?

ಇಲ್ಲ. 16ಕ್ಕೆ ಕಥೆ ಮುಗಿದಿದೆ.

ಇದೇ ಥರದ್ದು ಮುಂದೆ ಏನು ನೋಡಲಿ?

ಕೊರಿಯಾದಲ್ಲಿ ಕಾಲ ಜಾರುವ ಕಥೆಗಳ ದೊಡ್ಡ ಅಲೆ ಎದ್ದದ್ದು 2012ರಲ್ಲಿ. ಆ ಒಂದೇ ವರ್ಷ "ರೂಫ್‌ಟಾಪ್ ಪ್ರಿನ್ಸ್", "ಕ್ವೀನ್ ಇನ್-ಹ್ಯೂನ್ಸ್ ಮ್ಯಾನ್", "ಫೇಯ್ತ್", "ಡಾಕ್ಟರ್ ಜಿನ್" ಎಲ್ಲ ಬಂದವು. ಅವು ಬಹುತೇಕ ರಾಜರ ಕಾಲದ ನಂಟಿನವು. ಅಪ್ಪ ಅಮ್ಮನ ಕಾಲಕ್ಕೆ ಹೋಗುವ ಕಥೆಗಳು ಬೇಕಿದ್ದರೆ ಇವು ಸಾಕು.

2017ರ "ಗೋ ಬ್ಯಾಕ್ ಕಪಲ್": ಬೇಸತ್ತು ಬೇರೆಯಾಗಲು ಹೊರಟ ಗಂಡ ಹೆಂಡತಿ 1999ಕ್ಕೆ, ಕಾಲೇಜಿನ ದಿನಕ್ಕೆ ಹೋಗುತ್ತಾರೆ. ಹೆಂಡತಿಗೆ ಅಲ್ಲಿ ತೀರಿಹೋದ ಅಮ್ಮ ಸಿಗುತ್ತಾಳೆ. 12 ಎಪಿಸೋಡ್ ಅಷ್ಟೆ, ಆದರೆ ಅಮ್ಮ ಮಗಳ ದೃಶ್ಯಗಳಿಗೆ ಕರವಸ್ತ್ರ ಬೇಕೇ ಬೇಕು. ಮದುವೆಯಾದವರಿಗೆ ನಾನು ಮೊದಲು ಹೇಳುವುದು ಇದನ್ನೇ.

2023ರ "ಮೈ ಪರ್ಫೆಕ್ಟ್ ಸ್ಟ್ರೇಂಜರ್": ಮಗಳು 1987ಕ್ಕೆ ಹೋಗಿ ಹುಡುಗಿಯಾಗಿರುವ ಅಮ್ಮನ ಗೆಳತಿಯಾಗುತ್ತಾಳೆ. ಎಳೆ ಹೆಚ್ಚುಕಡಿಮೆ ಇದೇ, ಆದರೆ ಜೊತೆಗೆ ಕೊಲೆಗಾರನ ಹುಡುಕಾಟ ಇದೆ, ಬಣ್ಣ ಕಪ್ಪು. ಒಂದೇ ವರ್ಷದಲ್ಲಿ ಎರಡು ಚಾನೆಲ್‌ನಲ್ಲಿ ಇಂಥ ಎರಡು ಕಥೆ ಬಂದದ್ದು ವಿಚಿತ್ರ ಅಲ್ವಾ?

2024ರ "ಲವ್ಲಿ ರನ್ನರ್": ತಾನು ಆರಾಧಿಸುವ ಗಾಯಕನನ್ನು ಉಳಿಸಲು 2008ಕ್ಕೆ ಹೋಗುವ ಹುಡುಗಿ. ಬರೀ ಪ್ರೀತಿ ಬೇಕು ಅನ್ನುವವರಿಗೆ. ಮನೆಯ ಕಥೆ ಹುಡುಕಬೇಡಿ, ಇದ್ದರೂ ಪಕ್ಕದಲ್ಲಿದೆ.

ಅಡುಗೆ ಮಾಡ್ತಾ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ನೋಡಬಹುದಾ?

ಬೇರೆ ಧಾರಾವಾಹಿ ಆದರೆ ಆಯಿತು ಅನ್ನುತ್ತಿದ್ದೆ. ಇದರಲ್ಲಿ ಅರ್ಧ ಮಾತು ಕೈಯಲ್ಲೇ ನಡೆಯುತ್ತದೆ, ತಿರುಗಿ ಒಗ್ಗರಣೆ ಹಾಕುವಷ್ಟರಲ್ಲಿ ಅಪ್ಪ ಮಗ ಒಂದು ಜಗಳ ಮುಗಿಸಿರುತ್ತಾರೆ. ವೇಗ ಜಾಸ್ತಿ ಮಾಡಿಕೊಂಡು ನೋಡುವವರಿಗೂ ಇದೇ ಮಾತು, ಕೈ ಅಷ್ಟು ವೇಗವಾಗಿ ಓಡಿದರೆ ಮುಖದಲ್ಲಿ ಏನಾಯಿತು ಅಂತ ಕಾಣುವುದಿಲ್ಲ. ಒಲೆ ಆರಿಸಿ, ಕೂತು ನೋಡಿ.